ಭಾವನ ಕೋಟು

ಮಾತು ಯಾರಪ್ಪನ ಮನೆ ಸೊತ್ತೂ ಅಲ್ಲ ಅನ್ನುತ್ತಾರೆ. ಇರಬಹುದು. ಆದರೆ ಒಂದೊಂದು ಮಾತಿಗೆ ಒಡೆಯನಿರುತ್ತಾನೆ, ಅದು ಅವನ ಬಾಯಲ್ಲಿದ್ದರೇನೇ ಚೆಂದ. ಆ ಒಡೆಯನ ಪಕ್ಕದಲ್ಲೇ ಕೂತು, ಅವನ ಮಾತು ಕದ್ದು ಮೆರೆದ ಒಬ್ಬ ದರ್ಜಿ ಇದ್ದ.

ಈ ದರ್ಜಿ ಹುಟ್ಟಿನಿಂದಲೇ ಬಾಯಿ ಸತ್ತವನು. ಚಿಕ್ಕಂದಿನಲ್ಲಿ ಉಪ್ಪು ತಾ ಅಂತ ಅಮ್ಮ ಅಂಗಡಿಗೆ ಕಳಿಸಿದರೆ, ಅಂಗಡಿಯವನು "ಏನು ಬೇಕೋ?" ಅಂದ ಕೂಡಲೇ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಬರಿಗೈಯಲ್ಲಿ ವಾಪಸ್ಸು ಬರುತ್ತಿದ್ದ. ಆಮೇಲೆ ಅಕ್ಕ ಅವನ ಕೈ ಹಿಡಿದು ದರದರ ಎಳೆದುಕೊಂಡು ಹೋಗಿ, "ನಮ್ಮ ತಮ್ಮನಿಗೆ ಉಪ್ಪು ಬೇಕಂತೆ, ಕೊಡಿ" ಅನ್ನುತ್ತಿದ್ದಳು. ಅವನ ಪರವಾಗಿ ಜಗಳ ಆಡಿದವಳೂ ಅವಳೇ, ಮೇಷ್ಟರಿಗೆ ಉತ್ತರ ಹೇಳಿದವಳೂ ಅವಳೇ. ಮದುವೆಯಾದ ಮೇಲೆ ಗಂಡನ ಮುಂದೆ ತಮ್ಮನನ್ನು ತಂದು ನಿಲ್ಲಿಸಿ, "ಇವನಿಗೆ ಬಾಯಿಲ್ಲ, ಕೈ ಇದೆ. ನಿಮ್ಮ ಹತ್ತಿರ ಇಟ್ಕೊಳ್ಳಿ" ಅಂದು ಒಪ್ಪಿಸಿಬಿಟ್ಟಳು.

ಆ ಗಂಡ, ಅಂದರೆ ದರ್ಜಿಯ ಭಾವ, ತಾನೂ ದರ್ಜಿ. ಹುಡುಗನ ಕೈಗೆ ಕತ್ತರಿ ಕೊಟ್ಟವನು, ಟೇಪು ಹಿಡಿಯುವುದನ್ನು ಕಲಿಸಿದವನು ಅವನೇ. ಬಾಯಿ ವಿಷಯದಲ್ಲಿ ಮಾತ್ರ ಇವನಿಗೂ ಅವನಿಗೂ ಅಜಗಜಾಂತರ. ಭಾವ ಬಾಯಿ ಬಿಟ್ಟರೆ ಸೂಜಿಗೂ ನಗು ಬರಬೇಕು. ಹೊಲಿಸಿದ ಪ್ಯಾಂಟು ಕುಗ್ಗಿಹೋಯಿತು ಅಂತ ಗಿರಾಕಿ ಜಗಳಕ್ಕೆ ಬಂದರೆ, "ಪ್ಯಾಂಟು ಕುಗ್ಗಿಲ್ಲ ಸ್ವಾಮಿ, ನಿಮ್ಮ ಮನೆಯವರ ಅಡುಗೆ ಹಿಗ್ಗಿದೆ" ಅನ್ನುತ್ತಿದ್ದ. ಜಗಳಕ್ಕೆ ಬಂದವನು ನಗುತ್ತಾ ಇನ್ನೊಂದು ಪ್ಯಾಂಟಿಗೆ ಅಳತೆ ಕೊಟ್ಟು ಹೋಗುತ್ತಿದ್ದ. ಹೀಗೆ ಒಂದೇ ಅಂಗಡಿಯಲ್ಲಿ ಎರಡು ಮಿಷನ್ನು, ಒಂದು ಬಾಯಿ, ಎರಡು ಕಿವಿ. ಕಾಲ ಸರಿಯಿತು. ಭಾವನ ಕಣ್ಣು ಮಂಜಾಗಿ ಅಂಗಡಿಯ ಬೋರ್ಡಿಗೆ ಬಾಮೈದನ ಹೆಸರು ಬಂತು. ಭಾವ ಗುಂಡಿ ಹಚ್ಚುವುದು, ಕಾಜಾ ಹೊಲಿಯುವುದು ಅಂತ ಕೂತ.

ದರ್ಜಿಯನ್ನು ಸೇವಾ ಕ್ಲಬ್ಬಿಗೆ ಸೇರಿಸಿದವರು ಹಲ್ಲಿನ ಡಾಕ್ಟರು. ಅವರ ಕೋಟಿನ ಭುಜ ಅಷ್ಟು ಚೆನ್ನಾಗಿ ಕೂತಿತ್ತು. ಪ್ರತಿ ಗುರುವಾರ ಸಂಜೆ ಹಾರ್ಡ್‌ವೇರ್ ಅಂಗಡಿಯ ಮೇಲಿನ ಉದ್ದನೆಯ ಕೋಣೆಯಲ್ಲಿ ಸಭೆ. ಮೆಟ್ಟಿಲು ಹತ್ತುವಾಗ ಬಣ್ಣದ ಡಬ್ಬಿಯ ವಾಸನೆ, ಮೇಲೆ ಚಹಾದ ವಾಸನೆ. ಅಧ್ಯಕ್ಷರು ಆ ಡಾಕ್ಟರೇ, ಅವರ ಮೇಜಿನ ಮೇಲೆ ಹಿತ್ತಾಳೆ ಗಂಟೆ. ಬಂದವರೆಲ್ಲ ಹೆಸರು, ಕಸುಬು ಬರೆದ ಬಿಲ್ಲೆ ಎದೆಗೆ ಚುಚ್ಚಿಕೊಳ್ಳಬೇಕು. ಆಸ್ಪತ್ರೆಗೆ ಗಾಲಿಕುರ್ಚಿ ಕೊಡುವುದೋ, ಶಾಲೆ ಮಕ್ಕಳ ಕಣ್ಣು ಪರೀಕ್ಷೆ ಮಾಡಿಸುವುದೋ ಅಂತ ಮೊದಲು ಕೆಲಸದ ಮಾತು. ಅದು ಮುಗಿದ ಮೇಲೆ ಸ್ನೇಹಕೂಟ. ಆಗ ಯಾರಾದರೂ ಎದ್ದು ನಿಂತು ನಾಲ್ಕು ಮಾತಾಡಬೇಕು.

ಮೊದಲ ಸಲ ದರ್ಜಿಯನ್ನು ಎಬ್ಬಿಸಿದಾಗ ಉಪ್ಪಿನ ಅಂಗಡಿಯೇ ಕಣ್ಣ ಮುಂದೆ ಬಂತು. ನಾಲಿಗೆ ಅಂಟಿಕೊಂಡಿತು. ಎಲ್ಲರೂ ಕಾಯುತ್ತಿದ್ದಾರೆ. ಆಗ ಎಲ್ಲಿಂದಲೋ ಭಾವನ ಪ್ಯಾಂಟಿನ ಮಾತು ತಾನಾಗಿ ಹೊರಗೆ ಬಂತು. "ಪ್ಯಾಂಟು ಕುಗ್ಗಿಲ್ಲ ಸ್ವಾಮಿ ಅಂದೆ ನಾನು..."

ಕೋಣೆ ಬಿದ್ದು ಬಿದ್ದು ನಕ್ಕಿತು. ಊರಿನ ಬೇಕರಿ ನಡೆಸುತ್ತಿದ್ದ ಬೇಕರಿಯಮ್ಮನಂತೂ ಕಣ್ಣೊರೆಸಿಕೊಂಡರು. ಜನ ತನ್ನನ್ನು ನೋಡಿ ನಕ್ಕದ್ದು ದರ್ಜಿಗೆ ಗೊತ್ತಿತ್ತು. ತನ್ನ ಮಾತಿಗೆ ನಕ್ಕದ್ದು ಅದೇ ಮೊದಲು. ಆ ರುಚಿ ಹತ್ತಿತು.

ಅಲ್ಲಿಂದ ಮುಂದೆ ಭಾವ ಮಿಷನ್ನಿನ ಮುಂದೆ ಆಡಿದ್ದು ಗುರುವಾರ ಇವನ ಬಾಯಲ್ಲಿ. ಕ್ಲಬ್ಬಿನವರು ಅವನಿಗೆ "ಕತ್ತರಿ" ಅಂತ ಅಡ್ಡಹೆಸರಿಟ್ಟರು. ಚಹಾ ಬರುವ ಮುಂಚೆ ಡಾಕ್ಟರು ಗಂಟೆ ಹೊಡೆದು, "ಎಲ್ಲಪ್ಪಾ ನಮ್ಮ ಕತ್ತರಿ? ಹರಿತ ಇದೆಯಾ ಇವತ್ತು?" ಅನ್ನುವುದೇ ವಾಡಿಕೆಯಾಯಿತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತಾ ಹೋಯಿತು.

ಹಾಗಿರುವಾಗ ಅಕ್ಕ ತೀರಿಕೊಂಡಳು. ಹಗಲೆಲ್ಲ ಅಂಗಡಿಯಲ್ಲಿ ಹೇಗೋ ಕಳೆಯುತ್ತಿದ್ದ ಭಾವನಿಗೆ ಸಂಜೆ ಅನ್ನುವುದು ಬೆಟ್ಟವಾಯಿತು. ಒಂದು ದಿನ ಗುಂಡಿ ಹೊಲಿಯುತ್ತಾ, ತಲೆ ಎತ್ತದೆ ಕೇಳಿದ:

"ಏನಯ್ಯಾ, ನಿಮ್ಮ ಗುರುವಾರದ ಸಭೆಗೆ ನನ್ನಂಥೋರನ್ನ ಸೇರಿಸ್ತಾರಾ? ಸುಮ್ನೆ ಮೂಲೇಲಿ ಕೂತಿರ್ತೀನಿ. ನಾಲ್ಕು ಜನರ ಮುಖ ನೋಡಿದ ಹಾಗಾಗುತ್ತೆ."

ದರ್ಜಿಯ ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆ ನಿಂತಲ್ಲೇ ನಿಂತಿತು. ಭಾವ ಬಂದರೆ ಮುಗಿಯಿತಲ್ಲ! ಕದ್ದ ಮಾಲಿನ ಸಂತೆಗೆ ಒಡೆಯನೇ ಬಂದ ಹಾಗೆ.

"ಅಲ್ಲಿ ಒಂದು ಕಸುಬಿಗೆ ಒಬ್ಬರೇ ಭಾವ," ಅಂದ. "ಒಬ್ಬ ಡಾಕ್ಟ್ರು, ಒಬ್ಬ ವಕೀಲ, ಒಬ್ಬ ದರ್ಜಿ. ಆ ಜಾಗದಲ್ಲಿ ನಾನು ಕೂತ್ಬಿಟ್ಟಿದ್ದೀನಿ."

ಅಂಥ ನಿಯಮ ಒಂದು ಕಾಲದಲ್ಲಿ ಇದ್ದದ್ದು ನಿಜ. ಅದು ಯಾವತ್ತೋ ಹೋಗಿತ್ತು, ಹೋದದ್ದು ದರ್ಜಿಗೆ ಗೊತ್ತೂ ಇತ್ತು.

ಭಾವ ಹಲ್ಲಲ್ಲಿ ದಾರ ಕಡಿದ. "ಸರಿಯಾದ ನಿಯಮಾನೇ. ಇಬ್ಬರು ದರ್ಜಿ ಒಂದೇ ಕಡೆ ಕೂತ್ರೆ ಸಭೆಯಲ್ಲಿರೋರ ಕಾಲರ್ ನೋಡ್ತಾನೇ ಹೊತ್ತು ಹೋಗುತ್ತೆ" ಅಂದು ನಕ್ಕ. ಇಸ್ತ್ರಿಯ ಕೆಳಗೆ ಬಟ್ಟೆ ಕಂದಿದ ವಾಸನೆ ಬಂತು.

ಆದರೆ ಮುಚ್ಚಿಟ್ಟದ್ದು ಎಷ್ಟು ದಿನ ಮುಚ್ಚಿರುತ್ತದೆ? ಆಸ್ಪತ್ರೆಗೆ ದಿಂಬಿನ ಚೀಲ ಹೊಲಿಸಿ ಕೊಡೋಣ ಅಂತ ಕ್ಲಬ್ಬಿನಲ್ಲಿ ತೀರ್ಮಾನವಾಗಿ, ಅದರ ಮಾತಿಗೆ ಬೇಕರಿಯಮ್ಮ ಅಂಗಡಿಗೆ ಬಂದರು. ದರ್ಜಿ ಬಟ್ಟೆ ತರಲು ಹೋಗಿದ್ದ. ಭಾವ ಕೂರಿಸಿ ಮಾತಾಡಿದ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಯ್ಯೋ, ನೀವ್ಯಾಕೆ ನಮ್ಮಲ್ಲಿಗೆ ಬರಲ್ಲ?"

"ಒಂದು ಕಸುಬಿಗೆ ಒಬ್ಬರೇ ಅಂತಲ್ಲಮ್ಮ?"

"ಯಾರು ಹೇಳಿದ್ದು? ವಕೀಲರೇ ಇಬ್ಬರಿದ್ದಾರೆ, ಒಬ್ಬರ ಮಾತು ಒಬ್ಬರಿಗೆ ಆಗಲ್ಲ. ನಾಳೆ ಗುರುವಾರ, ನನ್ನ ಅತಿಥಿಯಾಗಿ ಬನ್ನಿ."

ದರ್ಜಿ ವಾಪಸ್ಸು ಬಂದಾಗ ಭಾವ ಇದಿಷ್ಟೇ ಹೇಳಿದ: "ಬೇಕರಿಯಮ್ಮ ನಾಳೆ ಕರೆದಿದ್ದಾರೆ ಕಣಯ್ಯ. ಹೋಗ್ಬರೋಣ." ಯಾಕೆ ಸುಳ್ಳು ಹೇಳಿದೆ ಅಂತ ಕೇಳಲಿಲ್ಲ. ಕೇಳಿದ್ದರೆ ವಾಸಿಯಿತ್ತು. ದರ್ಜಿ ಆ ಮಧ್ಯಾಹ್ನ ಎರಡು ತೋಳನ್ನೂ ಒಂದೇ ಕಡೆಗೆ ಜೋಡಿಸಿ ಹೊಲಿದು, ಮತ್ತೆ ಬಿಚ್ಚಿದ.

ಗುರುವಾರ ಭಾವ ಕ್ಷೌರ ಮಾಡಿಸಿಕೊಂಡು, ಅಕ್ಕ ಇದ್ದಾಗ ಹೊಲಿದುಕೊಂಡಿದ್ದ ಬೂದು ಕೋಟು ಹಾಕಿಕೊಂಡು ಬಂದ. ಮೆಟ್ಟಿಲ ಮೇಲೆ ದರ್ಜಿ ಅರ್ಧಕ್ಕೇ ನಿಂತ. ಭಾವನೇ ತೋಳು ಹಿಡಿದುಕೊಂಡ. "ನೀನ್ಯಾಕೆ ಹೆದರ್ತೀಯೋ, ಹೊಸಬ ನಾನು!"

ದಿಂಬಿನ ಚೀಲದ ಮಾತು ಮುಗಿಯಿತು. ಡಾಕ್ಟರು ಗಂಟೆ ಹೊಡೆದು, ಇವತ್ತು ಕತ್ತರಿಯ ಬದಲು ಕತ್ತರಿಯ ಭಾವ ನಾಲ್ಕು ಮಾತಾಡಲಿ ಅಂದರು. ಭಾವ ಎದ್ದ. ಹೆದರಿಕೆಯ ಲವಲೇಶವಿಲ್ಲ.

"ನನ್ನ ಹರೆಯದಲ್ಲಿ ನಡೆದಿದ್ದು," ಅಂತ ಶುರುಮಾಡಿದ. "ಒಂದು ಮದುವೆಗೆ ಹೋಗ್ಬೇಕು, ನನಗೆ ಹಾಕ್ಕೊಳ್ಳೋಕೆ ಒಳ್ಳೆ ಕೋಟಿಲ್ಲ. ಅಂಗಡೀಲಿ ಒಬ್ಬ ದೊಡ್ಡ ಮನುಷ್ಯರ ಹೊಸ ಕೋಟು ತೂಗಾಡ್ತಿತ್ತು..."

ದರ್ಜಿ ಬಾಗಿಲ ಕಡೆ ನೋಡಿದ. ಬೇರೆ ಕತೆ ಇರಲಿಲ್ಲವೇ, ನೂರಾರು ಇದ್ದವಲ್ಲ! ಈ ಕೋಟಿನ ಕತೆಯನ್ನು ಅವನು ಇದೇ ಕೋಣೆಯಲ್ಲಿ, ತನಗೇ ಆದದ್ದು ಅಂತ, ಒಂದಲ್ಲ ಎರಡು ಸಲ ಹೇಳಿ ಚಪ್ಪಾಳೆ ಗಿಟ್ಟಿಸಿದ್ದ.

"...ಹಾಕ್ಕೊಂಡು ಹೋದೆ. ಊಟಕ್ಕೆ ಕೂತಿದ್ದೀನಿ, ಎದುರಿಗೆ ಯಾರು? ಕೋಟಿನ ಯಜಮಾನರೇ! 'ಕೋಟು ಚೆನ್ನಾಗಿದೆಯಲ್ಲಪ್ಪಾ' ಅಂದ್ರು. ನಾನು, 'ನಿಮ್ಮದೇ ಸ್ವಾಮಿ, ಊಟಕ್ಕೆ ಕೂತಾಗ ಹೊಟ್ಟೆ ಹತ್ರ ಬಿಗಿಯುತ್ತಾ ಅಂತ ಪರೀಕ್ಷೆ ಮಾಡ್ತಿದ್ದೀನಿ' ಅಂದೆ. ಆಗ ಅವರು..."

"ಹಾಗಾದ್ರೆ ಇನ್ನೆರಡು ಸಿಹಿ ತಿನ್ನು, ನಾನು ತಿನ್ನೋದು ಹಾಗೇ!" ಅಂತ ಅರ್ಧ ಕೋಣೆ ಒಟ್ಟಿಗೆ ಕೂಗಿತು.

ಭಾವ ಬಾಯಿ ತೆರೆದುಕೊಂಡೇ ನಿಂತ. ಇಷ್ಟು ವರ್ಷದಲ್ಲಿ ಅವನ ಬಾಯಿಂದ ಮಾತು ಯಾರೂ ಹೀಗೆ ಕಿತ್ತುಕೊಂಡಿರಲಿಲ್ಲ.

"ಇದು ನಮ್ಮ ಕತ್ತರಿಗೆ ಆಗಿದ್ದಲ್ವಾ?" ಅಂದರು ಡಾಕ್ಟರು.

ಭಾವ ನಿಧಾನವಾಗಿ ದರ್ಜಿಯ ಕಡೆ ತಿರುಗಿದ. ದರ್ಜಿ ತನ್ನ ಎದೆಯ ಬಿಲ್ಲೆಯನ್ನು, ಅದರ ಮೇಲೆ ಬರೆದ ತನ್ನದೇ ಹೆಸರನ್ನು, ಅಕ್ಷರ ಕಲಿಯುವ ಮಗುವಿನ ಹಾಗೆ ಓದುತ್ತಾ ಕೂತಿದ್ದ. ನೆಲ ಬಾಯಿ ಬಿಟ್ಟಿದ್ದರೆ ಕೆಳಗಿನ ಬಣ್ಣದ ಡಬ್ಬಿಯೊಳಗೆ ಇಳಿದುಬಿಡುತ್ತಿದ್ದ.

"ಹೌದೌದು," ಅಂದ ಭಾವ. "ಅವನಿಗೇ ಆಗಿದ್ದು. ಕೇಳಿ ಕೇಳಿ ನನಗೇ ಆದ ಹಾಗೆ ಅನ್ನಿಸ್ಬಿಟ್ಟಿದೆ ನೋಡಿ. ವಯಸ್ಸಾಯ್ತಲ್ಲ."

ಕೂತುಬಿಟ್ಟ. ಪಕ್ಕದವರು ಪಾಪ ಅಂತ ಅವನ ಬೆನ್ನು ಸವರಿದರು. ಬೇಕರಿಯಮ್ಮ ಬಗ್ಗಿ, ಮಕ್ಕಳಿಗೆ ಹೇಳುವ ದನಿಯಲ್ಲಿ, "ಚಹಾ ಕುಡೀರಿ, ಬಿಸಿ ಇದೆ" ಅಂದರು. ಒಂದು ಮಾತು. ಒಂದೇ ಒಂದು ಮಾತು ದರ್ಜಿ ಆಡಬೇಕಿತ್ತು. ಆಡಲಿಲ್ಲ. ಅವನು ಕೂತಲ್ಲೇ ಕುಗ್ಗಿ ಹಿಡಿಯಷ್ಟಾದ.

ನಿಜವಾದ ಕಳ್ಳತನ ಕೋಣೆಗೆ ಗೊತ್ತೇ ಇರಲಿಲ್ಲ. ಆ ಕತೆ ಸಿಹಿಯ ಮಾತಿಗೆ ಮುಗಿಯುವುದಿಲ್ಲ. ಆ ಎರಡು ಸಿಹಿ ಬಡಿಸಲು ಬಂದ ಹುಡುಗಿ ಇದನ್ನೆಲ್ಲ ಕೇಳಿಸಿಕೊಂಡು ನಕ್ಕಳು. ಆ ನಗು ನೋಡಿಯೇ ಭಾವ ಅವಳ ಮನೆ ಎಲ್ಲಿ ಅಂತ ವಿಚಾರಿಸಿದ್ದು. ಅವಳೇ ದರ್ಜಿಯ ಅಕ್ಕ. ದರ್ಜಿ ಕ್ಲಬ್ಬಿನಲ್ಲಿ ಕತೆಯನ್ನು ತನ್ನದು ಮಾಡಿಕೊಳ್ಳುವಾಗ ಕತೆಯೊಳಗಿನ ಅಕ್ಕ ಅಡ್ಡ ಬಂದಳು. ಹೆಚ್ಚಾದ ಬಟ್ಟೆ ಕತ್ತರಿಸುವ ಹಾಗೆ ಅವಳನ್ನು ಕತ್ತರಿಸಿ ಹಾಕಿದ್ದ. ಭಾವ ಅಂದು ಕೋಟು ಹಾಕಿಕೊಂಡು ಬಂದದ್ದು ನಗಿಸುವುದಕ್ಕಲ್ಲ, ಅವಳ ಹೆಸರು ನಾಲ್ಕು ಜನರ ಮುಂದೆ ಎತ್ತುವುದಕ್ಕೆ. ಕತೆ ಅಲ್ಲಿಯವರೆಗೆ ಬರಲು ಕೋಣೆ ಬಿಡಲೇ ಇಲ್ಲ.

ಮನೆಯಲ್ಲಿ ದರ್ಜಿ ತನ್ನ ಹೆಂಡತಿಗೆ ಹೇಳಿದಾಗ ಅವಳು ತಟ್ಟೆಗೆ ಅನ್ನ ಹಾಕುತ್ತಿದ್ದವಳು ಹಾಗೇ ನಿಂತಳು.

"ಅತ್ತಿಗೆ ನಿಮಗೆ ಬಾಯಾಗಿದ್ರು. ನಿಮ್ಮ ಭಾವ ಒಂದು ಮಾತು ಆಡೋಕೆ ನಿಂತ್ರೆ, ಅವರ ಬಾಯಿ ಮುಚ್ಚಿಸಿ ಬಂದ್ರಾ?"

"ನಾನು ಏನೂ ಅನ್ನಲಿಲ್ಲ ಕಣೇ."

"ಅದೇ ನಾನೂ ಹೇಳ್ತಿರೋದು."

ಅಂಗಡಿಯಲ್ಲಿ ಮಾರನೆಯ ದಿನದಿಂದ ಮಿಷನ್ನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಭಾವ ಮುನಿಸಿಕೊಂಡಿರಲಿಲ್ಲ. "ದಾರ ಕೊಡು", "ಗುಂಡಿ ಸಾಲದು" ಅನ್ನುತ್ತಿದ್ದ. ಕತೆ ಮಾತ್ರ ಇಲ್ಲ. ಗಿರಾಕಿ ಪ್ಯಾಂಟು ಕುಗ್ಗಿತು ಅಂತ ಬಂದರೆ, "ಇಟ್ಟು ಹೋಗಿ, ಸರಿಮಾಡ್ತೀವಿ" ಅಂದ. ಗಿರಾಕಿಯೇ ಗಾಬರಿಯಾಗಿ, "ಹುಷಾರಿಲ್ವಾ ಇವರಿಗೆ?" ಅಂತ ದರ್ಜಿಯನ್ನು ಕೇಳಿದ.

ಮುಂದಿನ ಗುರುವಾರ ದರ್ಜಿ ಒಬ್ಬನೇ ಹೋದ. ಡಾಕ್ಟರು ಗಂಟೆ ಹೊಡೆದರು. ಅವನು ಎದ್ದು ನಿಂತ.

"ಆ ಕೋಟಿನ ಕತೆ ನನ್ನದಲ್ಲ," ಅಂದ. "ನಮ್ಮ ಭಾವಂದು. ನಾನು ಕದ್ದಿದ್ದು."

ಕೋಣೆ ಗೊಳ್ಳೆಂದಿತು.

"ಪ್ಯಾಂಟಿಂದೂ ಭಾವಂದೇ. ಇಲ್ಲಿ ಹೇಳಿದ್ದೆಲ್ಲಾ ಅವರದೇ. ನನ್ನದು ಅಂತ ಒಂದು ಮಾತೂ ಇಲ್ಲ."

ಇನ್ನೂ ನಗು. ಯಾರೋ ಮೇಜು ಕುಟ್ಟಿದರು. "ಎಲ್ಲಾ ಕದ್ದಿದ್ದಂತೆ! ಇವತ್ತು ಭಾರೀ ಹರಿತ ಇದೆಯಪ್ಪಾ ಕತ್ತರಿ!" ಅಂದರು ಡಾಕ್ಟರು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾ. ಬಾಯಿಲ್ಲದ ಕಾಲದಲ್ಲಿ ದರ್ಜಿಗೆ ಹೇಳಲಾಗುತ್ತಿರಲಿಲ್ಲ. ಈಗ ಬಾಯಿದೆ, ಹೇಳಿದರೆ ನಂಬುವವರಿಲ್ಲ. ಎಷ್ಟು ನಿಜ ಹೇಳಿದರೆ ಅಷ್ಟು ನಗು.

ಅವನು ಕುರ್ಚಿಯ ಬೆನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಆ ಸಿಹಿ ಬಡಿಸಿದವಳು ನಮ್ಮಕ್ಕ," ಅಂದ. "ಅವಳು ನಕ್ಕಳು. ಭಾವ ಅವಳನ್ನ ನೋಡಿದ್ದು ಅಲ್ಲೇ ಮೊದಲು. ಈಗ ಅವಳಿಲ್ಲ. ಅವಳ ಮಾತು ಎತ್ತೋಕೆ ಅಂತಲೇ ಆವತ್ತು ಭಾವ ಎದ್ದು ನಿಂತಿದ್ದು. ನಾವು ಕೂಗಿ ಕೂರಿಸಿಬಿಟ್ವಿ. ಅವರಿಗೆ ಅರಳು ಮರಳಲ್ಲ. ನನಗೇ ಮಾನ ಇಲ್ಲದ್ದು."

ಮೇಜು ಕುಟ್ಟುತ್ತಿದ್ದ ಕೈ ನಿಂತಿತು. ಬೇಕರಿಯಮ್ಮ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಡಾಕ್ಟರು ಗಂಟೆಯನ್ನು ಸದ್ದಾಗದ ಹಾಗೆ ಪಕ್ಕಕ್ಕೆ ಸರಿಸಿದರು. ದರ್ಜಿ ಬಿಲ್ಲೆ ಬಿಚ್ಚಿ ಬಿಲ್ಲೆಗಳ ಪೆಟ್ಟಿಗೆಯಲ್ಲಿಟ್ಟು, ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದ.

ಅಂಗಡಿಯಲ್ಲಿ ಭಾವ ಇನ್ನೂ ದಿಂಬಿನ ಚೀಲ ಹೊಲಿಯುತ್ತಿದ್ದ.

"ಭಾವ, ಹೇಳ್ಬಿಟ್ಟೆ."

"ಏನನ್ನ?"

"ಕೋಟಿಂದು. ಅಕ್ಕಂದು."

ಮಿಷನ್ನು ನಿಂತಿತು. ಭಾವ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ.

"ನಕ್ಕಳು ಅಂತ ಹೇಳಿದೆಯಾ?"

"ಹೇಳ್ದೆ."

"ಬರೀ ನಕ್ಕಳು ಅಂತಲಾ?"

"ಹೂಂ."

"ನೋಡಿದೆಯಾ, ಅದನ್ನೂ ಕೆಡಿಸಿದೆ," ಅಂದ ಭಾವ. "ಅವಳು ನಗು ತಡೆಯೋಕೆ ಹೋಗಿ ಕೈಲಿದ್ದ ಸೌಟನ್ನ ಪಾತ್ರೆ ಒಳಗೇ ಬೀಳಿಸಿದಳು ಕಣೋ. ಪಾಕವೆಲ್ಲಾ ಕೋಟಿನ ಮೇಲೆ! ಕೋಟಿನ ಯಜಮಾನ ಲಬೋ ಲಬೋ ಅಂತಿದ್ದಾನೆ, ನಾನು ಇವಳ ಮುಖ ನೋಡ್ತಾ ಕೂತಿದ್ದೀನಿ. ಸೌಟು ಬಿಟ್ರೆ ಕತೇಲಿ ಇನ್ನೇನು ಉಳೀತು?"

ದರ್ಜಿಗೆ ಈ ಸೌಟಿನ ವಿಷಯ ಗೊತ್ತೇ ಇರಲಿಲ್ಲ. ಅಕ್ಕ ಕಣ್ಣ ಮುಂದೆ ಬಂದಳು. ಅದರ ಜೊತೆಗೇ, ಹಾಳಾದ ಅಭ್ಯಾಸ, ಅವನ ಮನಸ್ಸು ತನ್ನಷ್ಟಕ್ಕೆ ತಾನೇ ಆ ಸೌಟನ್ನೂ ಪಾಕವನ್ನೂ ಮಡಚಿ ಗುರುವಾರಕ್ಕೆ ಎತ್ತಿಟ್ಟುಕೊಂಡಿತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ ಅವನ ಕೈ ಬರಿದಾದ ಎದೆಯ ಮೇಲೆ, ಬಿಲ್ಲೆ ಇರುತ್ತಿದ್ದ ಜಾಗಕ್ಕೆ ಹೋಯಿತು.

ಭಾವ ಕನ್ನಡಕ ಏರಿಸಿ ಅವನನ್ನೇ ನೋಡಿದ.

"ಇದನ್ನೂ ಹಾಕ್ಕೊಂಡೆಯಾ ಜೇಬಿಗೆ?"

ದರ್ಜಿಯ ಕಿವಿ ಕೆಂಪಾದವು.

"ಮುಂದಿನ ಗುರುವಾರ ನಾನೂ ಬರ್ತೀನಿ," ಅಂದು ಭಾವ ಸೂಜಿಯ ಕಣ್ಣು ಹುಡುಕುತ್ತಾ ದಾರದ ತುದಿಯನ್ನು ನಾಲಿಗೆಗೆ ಒತ್ತಿಕೊಂಡ. "ಮಾತಾಡೋಕಲ್ಲ. ಕಾವಲಿಗೆ."

ದರ್ಜಿ ತಲೆ ತಗ್ಗಿಸಿಕೊಂಡೇ ಹತ್ತಿರ ಹೋಗಿ, ಆ ಸೂಜಿಯನ್ನು ಅವನ ಕೈಯಿಂದ ತೆಗೆದುಕೊಂಡು ದಾರ ಪೋಣಿಸಿ ಕೊಟ್ಟ.