ಮಂಕಿಯಲ್ಲಿ ಕರೆಂಟ್ ಹೋದಾಗ

ಮೇಜಿನ ಮೇಲೆ ಯಾವ ಇಂಟರ್ನೆಟ್ ಪೆಟ್ಟಿಗೆಯೂ ಕೈಕೊಡುವುದಿಲ್ಲ. ಹೊನ್ನಾವರದ ನಮ್ಮ ಆಫೀಸಿನಲ್ಲಿ ಆ ಗುರುವಾರ ಪರೀಕ್ಷೆ ಮಾಡಿದ ಹೊಸ ಪೆಟ್ಟಿಗೆಯೂ ಕೈಕೊಡಲಿಲ್ಲ. ಹಸಿರು ದೀಪ ಹತ್ತಿತು, ವೇಗ ಬಂತು, ಆರಿಸಿ ಹಾಕಿದರೆ ಮತ್ತೆ ಎದ್ದು ಕೂತಿತು. ಪರೀಕ್ಷೆಯ ಪಟ್ಟಿಗೆ ಟಿಕ್ ಹಾಕಿ ಸಹಿ ಮಾಡಿದೆ. ಆ ಸಹಿಯ ಮೇಲೆ ನನಗೆ ಈಗಲೂ ಸಿಟ್ಟಿದೆ.

ಭಟ್ಕಳದಿಂದ ಕುಮಟೆಯವರೆಗೆ ಮನೆಮನೆಗೆ ಫೈಬರ್ ಇಂಟರ್ನೆಟ್ ಕೊಡುವ ಸಣ್ಣ ಕಂಪನಿ ನಮ್ಮದು; ನಾನು ಅಲ್ಲಿಯ ಟೆಕ್ನಿಷಿಯನ್. ಆಫೀಸಿನ ದೊಡ್ಡ ಯಂತ್ರದಿಂದ ಹೊರಟ ಗಾಜಿನ ಎಳೆ ಊರಿನ ಕಂಬದಲ್ಲಿ ಕವಲೊಡೆದು ಮನೆಗಳ ಪೆಟ್ಟಿಗೆಗೆ ಮುಟ್ಟುತ್ತದೆ. ಎಲ್ಲರೂ ಒಂದೇ ಎಳೆಯಲ್ಲಿ ಮಾತಾಡಬೇಕಾದ್ದರಿಂದ ಯಂತ್ರವು ಪ್ರತಿ ಪೆಟ್ಟಿಗೆಗೂ ಸರದಿ ಹಂಚುತ್ತದೆ. ನಿನ್ನ ಕ್ಷಣ ಬಂದಾಗ ಬೆಳಕು ಬಿಡು, ಮುಗಿದೊಡನೆ ಸುಮ್ಮನಿರು, ಇಷ್ಟೇ ಕಟ್ಟಳೆ. ಯಂತ್ರ ಮತ್ತು ಪೆಟ್ಟಿಗೆ ಎರಡೂ ಒಂದೇ ಕಂಪನಿಯವಾಗಿದ್ದಷ್ಟು ದಿನ ಸಂಸಾರ ಸುಸೂತ್ರವಾಗಿತ್ತು. ಆಮೇಲೆ ಆ ಕಂಪನಿಯ ಪೆಟ್ಟಿಗೆ ಬರುವುದು ನಿಂತು, ನಮ್ಮ ಮಾಲೀಕರು ಬೇರೆ ಕಂಪನಿಯದನ್ನು ತರಿಸಿದರು. ಹಳೆಯ ಯಂತ್ರಕ್ಕೆ ಹೊಸ ಪೆಟ್ಟಿಗೆ ಹೊಂದುತ್ತದೋ ಇಲ್ಲವೋ ಎಂದು ನೋಡಿ ಹೇಳುವುದು ನನ್ನ ಪಾಲಿಗೆ ಬಂತು.

ಪಟ್ಟಿಯ ಕೊನೆಯಲ್ಲಿ ಒಂದು ಸಾಲಿತ್ತು: ಹಲವು ಹಳೆಯ ಪೆಟ್ಟಿಗೆಗಳ ಜೊತೆ ಒಂದೇ ಎಳೆಯಲ್ಲಿ ಕೂಡಿಸಿ ಇಡೀ ದಿನ ನೋಡುವುದು. ಮರುದಿನ ಶುಕ್ರವಾರ. ನಮಾಜಿನ ಹೊತ್ತಿಗೆ ಭಟ್ಕಳದ ಮನೆಗಳಲ್ಲಿ ಕೆಲಸಕ್ಕೆ ಹೋಗುವ ಹಾಗಿಲ್ಲವೆಂದು ಮಾಲು ಗುರುವಾರವೇ ಹೊರಡಬೇಕಿತ್ತು. ಜೀಪು ಬಾಗಿಲಲ್ಲಿ ನಿಂತು ಹಾರ್ನ್ ಹೊಡೆಯುತ್ತಿತ್ತು. ಆಫೀಸಿನಲ್ಲಿ ಉಳಿದದ್ದು ಒಂದೇ ಒಂದು ಹಳೆಯ ಪೆಟ್ಟಿಗೆ. ಅದರ ಪಕ್ಕ ಹೊಸದನ್ನಿಟ್ಟು, ಒಂದು ಚಾ ಕುಡಿಯುವಷ್ಟು ಹೊತ್ತು ನೋಡಿ, ಆ ಸಾಲಿಗೂ ಟಿಕ್ ಹಾಕಿದೆ.

ಮುಂದಿನ ತಿಂಗಳು ಮಂಕಿಯಿಂದ ದೂರು ಬಂತು. ದೂರು ಕೊಟ್ಟವಳು ನನಗಿಂತ ಹತ್ತು ವರ್ಷ ಚಿಕ್ಕವಳು. ದೂರದ ನಗರದ ಆಸ್ಪತ್ರೆಯೊಂದಕ್ಕೆ ಬರುವ ಫೋನುಗಳಿಗೆ ಮನೆಯಿಂದಲೇ ಉತ್ತರಿಸಿ, ಡಾಕ್ಟರ ಭೇಟಿಗೆ ಸಮಯ ಕೊಡುವ ಕೆಲಸ ಅವಳದು. ಮೊದಲು ಹೊನ್ನಾವರದ ಬಟ್ಟೆ ಅಂಗಡಿಯಲ್ಲಿದ್ದಳು. ತಾಯಿಗೆ ಲಕ್ವ ಹೊಡೆದ ಮೇಲೆ ಅದನ್ನು ಬಿಟ್ಟು ಇದನ್ನು ಹುಡುಕಿಕೊಂಡಿದ್ದಳು. ಎರಡು ತಾಸಿಗೊಮ್ಮೆ ತಾಯಿಯ ಮಗ್ಗುಲು ಬದಲಿಸಬೇಕು. ಮನೆಯಲ್ಲಿ ಬೇರೆ ಯಾರೂ ಇಲ್ಲ.

"ಅವ್ರು ಹೇಳೂದು ನಂಗೆ ಎಲ್ಲಾ ಕೇಳ್ತದೆ ಅಣ್ಣ. ನಾ ಮಾತಾಡಿದ್ದೇ ಅವ್ರಿಗೆ ಮುಟ್ಟೂದಿಲ್ಲ" ಎಂದಳು. ಆಮೇಲೆ ಇನ್ನೊಂದು ಮಾತು ಸೇರಿಸಿದಳು. "ಕರೆಂಟ್ ಹೋದಾಗ ಮಾತ್ರ ಸಮಾ ಇರ್ತದೆ."

ನಾನು ನಕ್ಕುಬಿಟ್ಟೆ. "ಎಲ್ಲಾರ ಮನೇಲಿ ಕರೆಂಟ್ ಹೋದ್ರೆ ಇಂಟರ್ನೆಟ್ ಹೋಗ್ತದೆ. ನಿಮ್ಮನೇಲಿ ಬರ್ತದಾ ತಂಗಿ?"

"ಅಮ್ಮನ ಗಾಳಿ ಹಾಸಿಗೆಗೆ ಅಂತ ಇನ್ವರ್ಟರ್ ಹಾಕ್ಸಿದ್ದೆ. ಪೆಟ್ಟಿಗೆನೂ ಅದ್ಕೇ ಜೋಡ್ಸಿದ್ದೆ" ಎಂದಳು. ಅವಳು ನಗಲಿಲ್ಲ.

ಅವಳದು ಹಳೆಯ ಕಂಪನಿಯ ಪೆಟ್ಟಿಗೆ, ಹಾಗಾಗಿ ನನಗೆ ಏನೂ ಹೊಳೆಯಲಿಲ್ಲ. ವೇಗ ಅಳೆದರೆ ಸರಿ, ಬೆಳಕು ಅಳೆದರೆ ಸರಿ. ಮೊದಲ ಸಲ ತುದಿಯ ಕನೆಕ್ಟರ್ ಬದಲಿಸಿದೆ, ಎರಡನೆಯ ಸಲ ಕಂಬದಿಂದ ಮನೆಯವರೆಗಿನ ಕೇಬಲ್ ಹೊಸದಾಗಿ ಎಳೆದೆ. ಮೂರನೆಯ ಸಲ ಬದಲಿಸಲು ಏನೂ ಉಳಿದಿರಲಿಲ್ಲ, ಸುಮ್ಮನೆ ಧೂಳು ಒರೆಸಿದೆ. ಪ್ರತಿ ಸಲವೂ ಅವಳು ಕರೆಂಟಿನ ಮಾತು ಹೇಳಿದಳು, ಪ್ರತಿ ಸಲವೂ ನಾನು ಹೂಂಗುಟ್ಟಿದೆ. ಮೂರನೆಯ ಸಲ ಬಾಗಿಲವರೆಗೆ ಬಂದು, "ಈ ತಿಂಗ್ಳೂ ಹಿಂಗೇ ಆದ್ರೆ ನೀವು ಕೆಲ್ಸಕ್ಕೆ ಬ್ಯಾಡ ಅಂತ ಆಸ್ಪತ್ರೆಯವ್ರು ಹೇಳಿದ್ರು ಅಣ್ಣ" ಎಂದಳು.

ನಾಲ್ಕನೆಯ ಸಲ ಹೋದದ್ದು ಒಂದು ಬೆಳಿಗ್ಗೆ. ಅವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಯಾರಿಗೋ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಿದ್ದಳು. ಅಷ್ಟರಲ್ಲಿ ಕರೆಂಟ್ ಹೋಯಿತು. ಅವಳ ಮಾತು ಸರಾಗವಾಯಿತು. ರೋಗಿಯ ಹೆಸರು, ವಯಸ್ಸು, ಡಾಕ್ಟರ ಸಮಯ ಎಲ್ಲ ತಡೆಯಿಲ್ಲದೆ ಸಾಗಿದವು, ಆ ಕಡೆಯವರು ಒಮ್ಮೆಯೂ "ಕೇಳ್ತಿಲ್ಲ" ಎನ್ನಲಿಲ್ಲ. ಕಾಲು ತಾಸಿನ ನಂತರ ಕರೆಂಟ್ ಬಂತು. ತೆಂಗಿನ ತೋಟದ ಆಚೆಯ ಮನೆಯಲ್ಲಿ ಟಿವಿ ಕೂಗಿಕೊಂಡಿತು. ಅವಳು "ಹಲೋ, ಹಲೋ" ಎನ್ನತೊಡಗಿದಳು.

ಆಚೆಯ ಮನೆಗೆ ಹೊಸ ಪೆಟ್ಟಿಗೆ ಕೂರಿಸಿದವನು ನಾನೇ. ಓಡಿಹೋಗಿ ಅದರ ಪ್ಲಗ್ ಕಿತ್ತೆ. ತೋಟದ ಈಚೆಯಿಂದ ಅವಳ ಧ್ವನಿ ಬಂತು: "ಸಮಾ ಆತು ಅಣ್ಣ."

ಹೊಸ ಪೆಟ್ಟಿಗೆ ತನ್ನ ಸರದಿ ಮುಗಿದ ಮೇಲೂ ಒಂದು ಚೂರು ಹೊತ್ತು ಬೆಳಕು ಬಿಡುತ್ತಿತ್ತು. ಅದರ ಮನೆಯವರಿಗೆ ಏನೂ ತೊಂದರೆಯಿಲ್ಲ. ಮುಂದಿನ ಸರದಿ ಇವಳದು, ಹಾಗಾಗಿ ಇವಳ ಮಾತನ್ನೆಲ್ಲ ಅದು ತುಳಿಯುತ್ತಿತ್ತು. ಕರೆಂಟ್ ಹೋದರೆ ಊರಿನ ಪೆಟ್ಟಿಗೆಗಳೆಲ್ಲ ಮಲಗಿ ಇವಳದೊಂದೇ ಎಚ್ಚರವಿರುತ್ತಿತ್ತು. ಅವಳು ಮೊದಲ ದಿನವೇ ಉತ್ತರ ಕೊಟ್ಟಿದ್ದಳು, ನಾನು ಅದಕ್ಕೆ ನಕ್ಕಿದ್ದೆ.

ಆಚೆಯ ಮನೆಯ ಹೆಂಗಸು ಪ್ಲಗ್ ಹಿಡಿದ ನನ್ನ ಕೈಯನ್ನೇ ನೋಡುತ್ತಿದ್ದಳು. ಅವಳ ಗಂಡ ಹಡಗಿನಲ್ಲಿ ಕೆಲಸಕ್ಕಿದ್ದ. "ಇವತ್ತೋ ನಾಳೆಯೋ ಹಡಗು ಬಂದರಿಗೆ ಮುಟ್ತದೆ, ಮುಟ್ಟಿದ ಕೂಡ್ಲೆ ಫೋನ್ ಮಾಡ್ತಾರೆ. ಎರಡು ತಿಂಗ್ಳಾತು ಮಾತಾಡ್ದೆ. ಬಂದ್ ಮಾಡ್ಬೇಡಿ ಅಣ್ಣ" ಎಂದಳು. ಅಲ್ಲಿ ಇಡಲು ನನ್ನ ಚೀಲದಲ್ಲಿ ಹಳೆಯ ಪೆಟ್ಟಿಗೆ ಇರಲಿಲ್ಲ, ಆಫೀಸಿನಲ್ಲಿ ಉಳಿದಿದ್ದ ಆ ಒಂದೂ ಆಗಲೇ ಯಾರದೋ ಮನೆ ಸೇರಿತ್ತು. ಪ್ಲಗ್ಗನ್ನು ಮರಳಿ ಚುಚ್ಚಿದೆ. ಅಷ್ಟು ಅಸಹಾಯಕನಾಗಿ ನಾನು ಯಾರ ಮನೆಯಲ್ಲೂ ನಿಂತದ್ದಿಲ್ಲ.

ಎರಡೂ ಕಂಪನಿಗಳಿಗೆ ಫೋನ್ ಮಾಡಿದೆ. ನಮ್ಮ ಯಂತ್ರ ನಿಯಮದ ಪ್ರಕಾರವೇ ಇದೆ ಎಂದರು ಯಂತ್ರದ ಕಂಪನಿಯವರು. ನಮ್ಮ ಪೆಟ್ಟಿಗೆಯೂ ನಿಯಮದ ಪ್ರಕಾರವೇ ಇದೆ, ನಿಮ್ಮಲ್ಲೇ ಪಾಸಾಗಿದೆಯಲ್ಲ, ಎಂದರು ಪೆಟ್ಟಿಗೆಯ ಕಂಪನಿಯವರು. ಮಾಲೀಕರು ಪಟ್ಟಿಯನ್ನು ನನ್ನ ಮುಂದಿಟ್ಟು, "ಸಹಿ ನಿಂದೇ ಅಲ್ವನಾ?" ಎಂದರು. ಆ ಪೆಟ್ಟಿಗೆಗಳು ಆಗಲೇ ಭಟ್ಕಳದ ತುಂಬ ಕೂತಿದ್ದವು.

ಕುಮಟೆಯಲ್ಲಿ ನನ್ನ ಮನೆಯ ಬೀದಿಯವರೊಬ್ಬರು ವರ್ಗವಾಗಿ ಹೋಗುವಾಗ ಹಳೆಯ ಪೆಟ್ಟಿಗೆ ಮರಳಿಸಿದರು. ಅದು ಕೈಗೆ ಬಂದ ದಿನವೇ ಮಂಕಿಗೆ ಹೋಗಿ ಆಚೆಯ ಮನೆಗೆ ಕೂರಿಸಿದೆ. ಅಷ್ಟರಲ್ಲಿ ತಿಂಗಳು ಮುಗಿದಿತ್ತು. ಈಚೆಯ ಮನೆಗೆ ಬಂದರೆ ಅವಳು ಸೀರೆಗೆ ಪಿನ್ನು ಹಾಕಿಕೊಂಡು ಬಸ್ಸಿಗೆ ಹೊರಟಿದ್ದಳು. ಮತ್ತೆ ಅದೇ ಬಟ್ಟೆ ಅಂಗಡಿ. ಹಗಲಿಗೆ ತಾಯಿಯ ಮಗ್ಗುಲು ಬದಲಿಸಲು ಆಚೆಯ ಮನೆಯವಳು ಒಪ್ಪಿದ್ದಳು.

"ಒಂದ್ಸಲ ಮಾತಾಡಿ ನೋಡು ತಂಗಿ" ಎಂದು ಬೇಡಿಕೊಂಡೆ. ಅವಳು ಒಳಕೋಣೆಗೆ ಹೋಗಿ ತನ್ನ ಪೆಟ್ಟಿಗೆಯ ಲೈನಿನಿಂದಲೇ ನನಗೆ ಕರೆ ಮಾಡಿದಳು. ನಾನು ಅಂಗಳದಲ್ಲಿ ಮೊಬೈಲ್ ಕಿವಿಗಿಟ್ಟುಕೊಂಡು ನಿಂತೆ.

"ಕೇಳ್ತದಾ ಅಣ್ಣ?"

"ಸಮಾ ಕೇಳ್ತದೆ."

"ಆತು. ಹಂಗಾರೆ ಬಿಚ್ಕಂಡು ಹೋಗಿ" ಎಂದಳು. ಅವಳ ಮಾತು ಒಂದಕ್ಷರವೂ ಕಡಿಯಲಿಲ್ಲ.

ಪೆಟ್ಟಿಗೆ ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ. ಕನೆಕ್ಷನ್ ತೆಗೆಯುವ ಫಾರ್ಮಿನಲ್ಲಿ ಲೈನಿನ ಸ್ಥಿತಿ ಬರೆಯುವ ಒಂದು ಜಾಗವಿದೆ. ಸರಿಯಿದೆ ಎಂದು ಬರೆದು, ಕೆಳಗೆ ಸಹಿ ಮಾಡಿದೆ.