ಒಂದು ಸಾಲನ್ನೂ ಖಾಲಿ ಬಿಡಬೇಡಿ

ಒಳ್ಳೆಯ ಕೊಡುಬಳೆಯ ಆಸೆಗೆ ಮನುಷ್ಯರು ಎಲ್ಲೆಲ್ಲಿ ಹೋಗಿ ಕೂರುತ್ತಾರೋ ಹೇಳಲಾಗದು. ನಾನು ಹೋಗಿ ಕೂತದ್ದು ಜಯನಗರದ ಆಸ್ಪತ್ರೆಯೊಂದರ ಎಥಿಕ್ಸ್ ಕಮಿಟಿಯಲ್ಲಿ. ಹೊಸ ಔಷಧಗಳನ್ನು ರೋಗಿಗಳ ಮೇಲೆ ಪರೀಕ್ಷಿಸುವಾಗ ಅವರಿಗೆ ಅನ್ಯಾಯವಾಗದಂತೆ ಕಾಯಬೇಕಾದ ಸಮಿತಿ ಅದು. ವೈದ್ಯರಲ್ಲದವರೂ ಅದರಲ್ಲಿರಬೇಕೆಂಬ ನಿಯಮವಿದ್ದುದರಿಂದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ನನ್ನನ್ನು ಕರೆದಿದ್ದರು. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿದ್ದಿರಬೇಕು. ತಿಂಗಳಿಗೊಂದು ಸಭೆ, ಬಿಸಿ ಕಾಫಿ, ಗರಿಗರಿ ಕೊಡುಬಳೆ, ಜೊತೆಗೆ ಎತ್ತಲಾರದಷ್ಟು ಕಾಗದ. ರೋಗಿಗಳ ಕೈಗೆ ಹೋಗುವ ಹಾಳೆಗಳ ಕನ್ನಡವನ್ನು ಮನುಷ್ಯರು ಓದುವಂತೆ ತಿದ್ದುವುದು ನನ್ನ ಪಾಲಿನ ಕೆಲಸ. ದೊಡ್ಡ ದೊಡ್ಡ ಡಾಕ್ಟರುಗಳ ತಪ್ಪು ತಿದ್ದುವ ಆ ಸುಖಕ್ಕೆ ನಾನು ಸ್ವಲ್ಪ ಬೀಗಿದ್ದೆನೆಂದು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ.

ಹೃದ್ರೋಗದ ಮಾತ್ರೆಯೊಂದರ ಪರೀಕ್ಷೆಗೆ ದಿನಚರಿಯ ಕಾರ್ಡೊಂದಿತ್ತು. ನೋವಿತ್ತೇ, ನಿದ್ದೆ ಹೇಗಿತ್ತು, ಇತರೆ ವಿಷಯವೇನು ಎಂದು ರೋಗಿಯೋ ಮನೆಯವರೋ ದಿನಕ್ಕೊಂದು ಸಾಲು ತುಂಬಬೇಕು. ಅದರ ಮೇಲಿದ್ದ 'ದೈನಂದಿನ ಮಾಹಿತಿಯನ್ನು ತಪ್ಪದೆ ನಮೂದಿಸತಕ್ಕದ್ದು' ಎಂಬುದನ್ನು ಹೊಡೆದುಹಾಕಿ ನಾನು ಬರೆದೆ: 'ಏನೇ ಆದರೂ ಒಂದು ಸಾಲನ್ನೂ ಖಾಲಿ ಬಿಡಬೇಡಿ.' ಎಷ್ಟು ಸ್ಪಷ್ಟವಾಗಿದೆ ಎಂದು ಅಧ್ಯಕ್ಷರು ಮೆಚ್ಚಿದರು. ನಾನು ಇನ್ನೊಂದು ಕೊಡುಬಳೆ ತೆಗೆದುಕೊಂಡೆ.

ಕೆಲವು ತಿಂಗಳ ಮೇಲೆ ತುಂಬಿದ ಕಾರ್ಡುಗಳು ಸಭೆಗೆ ಬಂದವು. ಕತ್ರಿಗುಪ್ಪೆಯ ರೋಗಿಯೊಬ್ಬರ ಕಾರ್ಡು ಎಲ್ಲರಿಗೂ ಸಂತೋಷ ತಂದಿತ್ತು. ಮೊದಮೊದಲು ನೋವು, ಆಯಾಸ, ನಡುರಾತ್ರಿ ಎದ್ದು ಕೂರುವುದು. ಆಮೇಲೆ ಒಂದು ದಿನ ಎಲ್ಲವೂ ನಿಂತುಹೋಗಿ, ಆರು ವಾರಗಳ ಕಾಲ ಅದೇ ದುಂಡು ಅಕ್ಷರದಲ್ಲಿ ನೋವಿಲ್ಲ, ನಿದ್ದೆ ಚೆನ್ನಾಗಿದೆ. ಮಾತ್ರೆಯ ಖಾಲಿ ಸ್ಟ್ರಿಪ್ಪುಗಳೂ ಸರಿಯಾಗಿ ವಾಪಸಾಗಿದ್ದವು. ಮಾತ್ರೆ ಕೆಲಸ ಮಾಡುತ್ತಿದೆ ಎಂದರು ಡಾಕ್ಟರು. ನಾನು ಮಾತ್ರ, ಉತ್ತರಪತ್ರಿಕೆ ತಿದ್ದುವ ಚಾಳಿಯಿಂದ, ಯಾರೂ ನೋಡದ 'ಇತರೆ' ಎಂಬ ಕಾಲಂ ಓದುತ್ತಾ ಹೋದೆ. 'ಮಾತಿಲ್ಲ.' 'ಇವತ್ತೂ ಮಾತಿಲ್ಲ.' 'ಬಾಗಿಲು ತಟ್ಟಿದ ಸದ್ದಾಯಿತು, ಅವರಲ್ಲ.' ಮಲಗಿರುವ ಮನುಷ್ಯ ಬಾಗಿಲನ್ನೇಕೆ ತಟ್ಟಬೇಕು?

ಅಧ್ಯಕ್ಷರ ಒಪ್ಪಿಗೆ ಪಡೆದು ಮಾರನೆಯ ಬೆಳಿಗ್ಗೆ ಆ ಮನೆ ಹುಡುಕಿಕೊಂಡು ಹೋದೆ. ಬಾಗಿಲು ತೆರೆದವರು ರೋಗಿಯ ಹೆಂಡತಿ. ಹಣೆಯ ತುಂಬ ವಿಭೂತಿ, ಮುಖದಲ್ಲಿ ನಗು.

"ಆಸ್ಪತ್ರೆಯಿಂದ ತಾನೇ ಮೇಡಂ? ಬನ್ನಿ ಬನ್ನಿ, ಕಾರ್ಡು ರೆಡಿ ಇದೆ."

"ಯಜಮಾನರು?"

"ಒಳಗಿದಾರೆ."

ಒಳಗೆ ಸುಕ್ಕಿಲ್ಲದಂತೆ ಹಾಸಿದ ಮಂಚ. ದಿಂಬಿಗೆ ಒರಗಿಸಿಟ್ಟ ಫೋಟೋ, ಅದಕ್ಕೆ ಹಾರ. ಫೋಟೋದ ಮುಂದೆ ಸ್ಟೂಲಿನ ಮೇಲೆ, ಎಡೆ ಇಡುವಂತೆ, ತಟ್ಟೆಯಲ್ಲಿ ಎರಡು ಇಡ್ಲಿ, ಲೋಟದಲ್ಲಿ ನೀರು, ಪಕ್ಕದಲ್ಲಿ ಅಂದಿನ ಮಾತ್ರೆ.

"ಬೆಳಿಗ್ಗೆ ಮಾತ್ರೆ ತಗೊಂಡು ಒರಗಿದ್ರು, ಏಳಲೇ ಇಲ್ಲ. ಏಳನೇ ವಾರ ಮೇಡಂ ಇದು," ಎಂದರು ಆಕೆ, ಮೆಲುದನಿಯಲ್ಲಿ.

"ಆಸ್ಪತ್ರೆಗೆ ಹೇಳಲಿಲ್ವಾ ಅಮ್ಮಾ?"

"ಸಿಸ್ಟರ್ ಗೇಟಲ್ಲೇ ಕಾರ್ಡು ಇಸ್ಕೊಂಡು ಹೋಗ್ತಾರೆ, ಏನೂ ಕೇಳಲ್ಲ. ಏನೇ ಆದ್ರೂ ಖಾಲಿ ಬಿಡಬೇಡಿ ಅಂತ ನೀವೇ ಬರೆದಿದೀರಲ್ಲ? ನಾನು ಒಂದು ಸುಳ್ಳೂ ಬರೆದಿಲ್ಲ ಮೇಡಂ. ನೋವಿದೆಯಾ ಅಂತ ಕೇಳಿದೀರ, ಇಲ್ಲ. ನಿದ್ದೆ ಹೇಗಿದೆ ಅಂತ ಕೇಳಿದೀರ, ಚೆನ್ನಾಗಿದೆ."

ಹೌದಲ್ಲವೇ, ನೀವೇ ಹೇಳಿ. ಕೇಳಿದ ಪ್ರಶ್ನೆಗಳಿಗೆಲ್ಲ ಆಕೆ ಸತ್ಯವನ್ನೇ ಬರೆದಿದ್ದರು. ಇದ್ದಾರೆಯೇ ಎಂಬ ಪ್ರಶ್ನೆಯೊಂದನ್ನು ಮಾತ್ರ ಅಷ್ಟೊಂದು ಕಾಗದ ಓದಿದ ನಮ್ಮಲ್ಲಿ ಯಾರೂ ಅಚ್ಚುಹಾಕಿಸಿರಲಿಲ್ಲ. ಆ ಮಾತ್ರೆಯಿಂದಲೇ ಅವರು ಹೋದರೋ ಇಲ್ಲವೋ ನನಗೆ ತಿಳಿಯದು; ಆದರೆ ಅದೇ ಮಾತ್ರೆಯನ್ನು ಆ ಬೆಳಿಗ್ಗೆಯೂ ಬೇರೆ ಮನೆಗಳಲ್ಲಿ ಜನ ನುಂಗಿದ್ದರು, ಮತ್ತು ಸತ್ತವರ ಸುಖನಿದ್ರೆ ನೋಡಿ ನಾವು ಇನ್ನಷ್ಟು ಜನಕ್ಕೆ ಕೊಡಲು ಹೊರಟಿದ್ದೆವು. ನನ್ನ ಕನ್ನಡದ ಬಗ್ಗೆ ನನಗೆ ಅಷ್ಟು ಹೇಸಿಗೆಯಾದದ್ದು ಅದೇ ಮೊದಲು. ಅಂದು ಮಧ್ಯಾಹ್ನವೇ ಆ ಪರೀಕ್ಷೆಯನ್ನು ತಡೆಹಿಡಿದರು. ಅದಕ್ಕೆ ಮೊದಲು ಆಕೆಯ ಕೈಯಿಂದ ನಡೆದದ್ದನ್ನು ಬರೆಸಬೇಕಿತ್ತು.

"ಅಮ್ಮಾ, ಇವತ್ತಿನ ಸಾಲಲ್ಲಿ ಅವರು ಹೋದ ವಿಷಯ, ಹೋದ ದಿನ, ಎರಡನ್ನೂ ಬರೆಯಿರಿ."

ಆಕೆ ಪೆನ್ನಿನ ಮುಚ್ಚಳ ತೆಗೆದರು. "ಬರೆದ್ರೆ ಆಮೇಲೆ ಕಾರ್ಡು ಕೊಡಲ್ಲ, ಅಲ್ವಾ?"

"ಕೊಡಲ್ಲ ಅಮ್ಮಾ."

'ಇತರೆ' ಕಾಲಮ್ಮಿನಲ್ಲಿ ಆಕೆ ನಿಧಾನವಾಗಿ ಬರೆದರು. ಬರೆದು, ಇಂಕು ಆರುವವರೆಗೆ ಊದಿ, ಕಾರ್ಡನ್ನು ನನ್ನ ಕೈಗಿತ್ತರು. ಆಮೇಲೆ ನಾನಿರುವುದನ್ನೇ ಮರೆತವರಂತೆ ಮಂಚದ ಕಡೆ ಬಗ್ಗಿ, ನಿದ್ದೆಯಲ್ಲಿರುವವರನ್ನು ಎಬ್ಬಿಸುವಷ್ಟೇ ಮೆಲ್ಲಗೆ ಹೇಳಿದರು:

"ರೀ, ನಾಳೆಯಿಂದ ಮಾತ್ರೆ ಬೇಡವಂತೆ."