ಕಿಟಕಿ ತೆಗೆಸಿದ ಮೇಡಂ

ನಮ್ಮ ಮೇಡಂ ಹಣೆಯ ವಿಭೂತಿಯ ಮೂರು ಗೆರೆಗಳಲ್ಲಿ ನಡುವಿನದು ಮಧ್ಯಾಹ್ನದ ಹೊತ್ತಿಗೆ ಅಳಿಸಿಹೋಗಿರುತ್ತಿತ್ತು. ಅವರ ಕನ್ನಡಕ ಮೂಗಿನ ಮೇಲೆ ಇದ್ದದ್ದಕ್ಕಿಂತ ಹಣೆಗೇರಿ ಕೂತಿದ್ದೇ ಹೆಚ್ಚು. ಆಮೇಲೆ ಅದನ್ನೇ ಟೇಬಲ್ಲಿನ ಮೇಲೆಲ್ಲ ಹುಡುಕಾಡುತ್ತಿದ್ದರು.

ದೇವರಾಜ ಮೊಹಲ್ಲಾದ ಒಂದು ಮಹಡಿಯ ಮೇಲೆ ಮದುವೆ ಪತ್ರಿಕೆ, ಕರಪತ್ರ ಮಾಡಿಕೊಡುವ ಪುಟ್ಟ ಆಫೀಸು ಅವರದು. ನಾವು ನಾಲ್ವರು ಹೆಂಗಸರು ಸಾಲಾಗಿ ಕಂಪ್ಯೂಟರ್ ಮುಂದೆ ಕೂತು ಟೈಪು ಮಾಡುತ್ತಿದ್ದೆವು. ಬೆನ್ನ ಹಿಂದೆ ಓಡಾಡುತ್ತ ಅವರು, "ಕಣ್ಣು ಮಿಟುಕಿಸ್ರಮ್ಮಾ! ಅದಕ್ಕೇನು ಕಾಸು ಕೊಡಬೇಕಾ?" ಎಂದು ಕೂಗುವರು. ಇದೇನು ಹುಚ್ಚಪ್ಪಾ ಅಂದುಕೊಂಡಿದ್ದೆ. ಅವರು ಬರದ ದಿನ ಸಂಜೆಗೆ ಕಣ್ಣುರಿ ಹತ್ತಿದಾಗ ಆ ಕೂಗಿನ ಬೆಲೆ ತಿಳಿಯಿತು.

ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಒಂದೊಂದು ಯಂತ್ರಕ್ಕೂ ಊದುಬತ್ತಿ ಬೆಳಗುತ್ತಿದ್ದರು. ಪ್ರಿಂಟರಿಗೆ ಮಾತ್ರ ಎರಡು ಕಡ್ಡಿ, ಅದಕ್ಕೆ ಸಿಟ್ಟು ಜಾಸ್ತಿ ಎಂದು. ಮೈಸೂರಿನವರು ಊದುಬತ್ತಿ ಹಚ್ಚದೆ ಕೆಲಸ ಶುರು ಮಾಡುವುದುಂಟೇ?

ನಾನು ಬಸುರಿಯಾದಾಗ ಅವರಿಗೆ ನನಗಿಂತ ಹೆಚ್ಚು ಸಂಭ್ರಮ. ಯಾರೋ ಮಾರಾಟಗಾರ ಬಂದು, ಈ ಅಯಾನೈಜರ್ ಯಂತ್ರ ಗಾಳಿ ಶುದ್ಧ ಮಾಡುತ್ತದೆ, ಸ್ಕ್ರೀನಿನ ಕೆಡುಕನ್ನೆಲ್ಲ ಹೀರಿಬಿಡುತ್ತದೆ ಎಂದ. ಮೇಡಂ ನಂಬಿದರು. ಆ ಬಿಳಿ ಡಬ್ಬಿಯನ್ನು ನನ್ನ ಪಕ್ಕದಲ್ಲೇ ಇಡಿಸಿದರು. ಶುದ್ಧ ಗಾಳಿ ಹೊರಗೆ ಹೋಗಬಾರದೆಂದು ಕಿಟಕಿಗಳನ್ನೂ ಮುಚ್ಚಿಸಿದರು.

ಅಲ್ಲಿಂದ ನನಗೆ ತಲೆನೋವು, ಗಂಟಲು ಕೆರೆತ ಶುರುವಾಯಿತು. ಸ್ಕ್ರೀನು ಎಷ್ಟು ಒರೆಸಿದರೂ ಮಂಕು. ಕೊನೆಗೆ ಪ್ರಿಂಟರಿನ ರಬ್ಬರ್ ರೋಲರ್ ಕೂಡ ಬಿರುಕು ಬಿಟ್ಟು ಕಾಗದ ಎಳೆಯದಾಯಿತು. ಮನೆಯಲ್ಲಿ ಅತ್ತೆ ತೀರ್ಪು ಕೊಟ್ಟೇಬಿಟ್ಟರು: "ಒಟ್ಟೇಲಿ ಕೂಸು ಇಟ್ಕೊಂಡು ಆ ಕಂಪ್ಯೂಟ್ರು ಮುಂದೆ ಕೂತ್ರೆ ಇನ್ನೇನಾದದು? ಬುಟ್ಬುಡು ಕೆಲ್ಸವ." ಒಮ್ಮೆ ಬಿಟ್ಟರೆ ಮತ್ತೆ ಹೊಸಿಲು ದಾಟಿಸುವವರಿಲ್ಲ ಎಂದು ನನಗೆ ಗೊತ್ತಿತ್ತು. ಅಳುತ್ತಲೇ ಹೋಗಿ ಮೇಡಂಗೆ ಹೇಳಿದೆ.

ಅವರು ಕನ್ನಡಕ ಹಣೆಗೇರಿಸಿ, ಡಬ್ಬಿಯ ಹಿಂದಿನ ಗೋಡೆಯನ್ನು ತಮ್ಮ ಬಿಳಿ ಸೆರಗಿನಿಂದಲೇ ಉಜ್ಜಿದರು. ಸೆರಗು ಕಪ್ಪಾಯಿತು. ಮೂಸಿ ನೋಡಿದರು. ಡಬ್ಬಿಗೂ ಮೂಗು ಹಿಡಿದರು. ಸುಟ್ಟ ವೈರಿನಂಥ ಘಾಟು ವಾಸನೆ.

"ಸ್ಕ್ರೀನಿಂದ ಅಲ್ಲ ಕಣಮ್ಮಾ ಇದು. ನನ್ನ ಊದುಬತ್ತಿ ಹೊಗೇನ ಈ ಡಬ್ಬಿ ತಂದು ಗೋಡೆಗೆ, ಸ್ಕ್ರೀನಿಗೆ ಮೆತ್ತಿದೆ. ರಬ್ಬರ್ನೇ ಸೀಳೋ ಈ ಡಬ್ಬಿ ವಾಸನೆ ಬೇರೆ ಕುಡೀತಾ ಕೂತಿದೀಯ. ಹಚ್ಚಿದೋಳೂ ನಾನೇ, ತಂದೋಳೂ ನಾನೇ." ಎಲ್ಲರ ಮುಂದೆ ಹಾಗೆಂದು ವೈರು ಕಿತ್ತರು. ಕಿಟಕಿಗಳನ್ನೆಲ್ಲ ತೆಗೆಸಿದರು. ಯಜಮಾನಿಕೆ ಇದ್ದವರು ತಪ್ಪನ್ನು ಅಷ್ಟು ಗಟ್ಟಿಯಾಗಿ ಒಪ್ಪಿಕೊಂಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಅವತ್ತೇ ಸಂಜೆ ಚಾಮರಾಜಪುರಂನ ನಮ್ಮ ಮನೆಗೆ ಬಂದರು. ಅತ್ತೆ ಕಾಫಿ ಕೊಟ್ಟರು, ಮುಖ ಕೊಡಲಿಲ್ಲ.

"ಡಾಕ್ಟ್ರನ್ನ ಕೇಳ್ಕೊಂಡೇ ಬಂದಿದೀನಿ ಕಣ್ರೀ. ಸ್ಕ್ರೀನಿಂದ ಮಗೂಗೆ ಏನೂ ಆಗಲ್ವಂತೆ, ಆಗಾಗ ಎದ್ದು ಓಡಾಡಿದ್ರೆ ಸಾಕಂತೆ. ನನ್ನ ಮಾತೂ ನಂಬಬೇಡಿ. ಒಂದು ವಾರ ನೀವೇ ಬಂದು ಸೊಸೆ ಪಕ್ಕ ಕೂತ್ಕೊಳಿ. ತಲೆನೋವು ಅಂದ್ರೆ ಅಲ್ಲಿಂದಲೇ ಕೈಹಿಡಿದು ಕರ್ಕೊಂಡು ಹೋಗಿ, ನಾನು ತಡೆಯಲ್ಲ."

ಮಾರನೆಯ ದಿನ ಅತ್ತೆ ಒಂದು ಚೀಲ ಅವರೆಕಾಯಿ ಹೊತ್ತು ಆಫೀಸಿಗೆ ಬಂದೇಬಿಟ್ಟರು. ನಾನು ಟೈಪು ಮಾಡುತ್ತಿದ್ದರೆ ಪಕ್ಕದಲ್ಲಿ ಕೂತು ಕಾಯಿ ಸುಲಿಯುವರು. ಕಣ್ಣೆಲ್ಲ ನನ್ನ ಮುಖದ ಮೇಲೆ. ಎಲ್ಲಿ ತಲೆನೋವು ಬಂದೀತೋ ಎಂದು ನಾನು ಹೆದರುತ್ತ ಕೂತಿದ್ದೆ. ದಿನ ಕಳೆದ ಹಾಗೆ ಗಂಟಲು ಸರಿಹೋಯಿತು, ತಲೆ ಹಗುರಾಯಿತು. ವಾರದ ಕೊನೆಗೆ, ಮೇಡಂ ಬಾಯಿ ತೆರೆಯುವ ಮೊದಲೇ, ಅವರೆಕಾಯಿ ಹಿಂದಿನಿಂದ ಕೂಗು ಬಂತು: "ಕಣ್ಣು ಮಿಟುಕ್ಸವ್ವ! ಕಾಸು ಕೊಡ್ಬೇಕಾ?"

ಮೇಡಂ ಚಪ್ಪಾಳೆ ತಟ್ಟಿ ನಕ್ಕರು. ಅವತ್ತು ಆಫೀಸಿನಲ್ಲಿ ಎಲ್ಲರಿಗೂ ಆ ಅವರೆಯದೇ ಹಿತಕಿದ ಬೇಳೆ ಸಾರಿನ ಊಟ.

ಮಗಳು ಗುಂಡುಗುಂಡಾಗಿ ಹುಟ್ಟಿದಳು. ಅವಳನ್ನು ಅತ್ತೆಯ ಮಡಿಲಿಗೆ ಹಾಕಿ ನಾನು ಅದೇ ಕುರ್ಚಿಗೆ ಮರಳಿದೆ. ಪ್ರಿಂಟರಿಗೆ ಹೊಸ ರೋಲರ್ ಬಂದಿತ್ತು. ಆಯುಧಪೂಜೆಯ ದಿನವೂ ಯಂತ್ರಗಳಿಗೆ ಬರೀ ಕುಂಕುಮ, ಮಲ್ಲಿಗೆ. ಊದುಬತ್ತಿ ಹೊಸಿಲಿನಾಚೆ.

ಹೋದ ವರ್ಷ ಮೇಡಂ ತೀರಿಕೊಂಡರು. ಕೊನೆಯ ದರ್ಶನಕ್ಕೆಂದು ಅವರನ್ನು ಕೂರಿಸಿದ್ದ ಕೋಣೆ ತುಂಬ ಜನ. ಹಣೆಯ ಮೇಲೆ ಮೂರು ಗೆರೆಗಳೂ ಅಳಿಯದೆ ಇದ್ದವು. ಅದನ್ನು ನೋಡಿಯೇ ನನಗೆ ದುಃಖ ಒತ್ತರಿಸಿ ಬಂತು. ಯಾರೋ ಒಂದು ಕಟ್ಟು ಊದುಬತ್ತಿ ಹಚ್ಚಿಟ್ಟಿದ್ದರು, ಉಸಿರು ಕಟ್ಟುತ್ತಿತ್ತು. ಆಗ ನಮ್ಮ ಅತ್ತೆ ಮಂಡಿನೋವಿನಲ್ಲೇ ಎದ್ದು, ಯಾರನ್ನೂ ಕೇಳದೆ, ಊದುಬತ್ತಿಯನ್ನು ಹೊಸಿಲಿನಾಚೆ ಇಟ್ಟು ಬಂದರು. ಕಿಟಕಿಯ ಎರಡು ಬಾಗಿಲನ್ನೂ ತಳ್ಳಿದರು.

"ನಮ್ಮ ಮೇಡಮ್ಮಂಗೆ ಹೊಗೆ ಆಗಾಕಿಲ್ಲ," ಎಂದರು.

ಗಾಳಿ ಒಳಗೆ ಬಂತು. ನಮ್ಮ ಅತ್ತೆಯನ್ನೂ ಗೆದ್ದಿರಿ ಮೇಡಂ ಅಂದುಕೊಂಡು, ನೀರು ತುಂಬಿದ ಕಣ್ಣನ್ನು ಅವರು ಹೇಳಿಕೊಟ್ಟ ಹಾಗೆ ಮಿಟುಕಿಸಿದೆ.